612ರ ಪಕ್ಕದ ಮನೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ‘ಡಿಜಿಟಲ್ ರೇಡಿಯೊ ಇದೆಯಾ?’ ಅಂತ ಕೇಳಿ ನೋಡಿ. ಇಲ್ಲ ಅಂತ ಯಾರೂ ಹೇಳುವುದಿಲ್ಲ. ಎಫ್‌ಎಂ ಇರುವ ಬ್ಲೂಟೂತ್ ಸ್ಪೀಕರ್ ತೋರಿಸುತ್ತಾರೆ. ಪೆನ್‌ಡ್ರೈವ್ ಹಾಕುವ ಪೆಟ್ಟಿಗೆ ತೋರಿಸುತ್ತಾರೆ. ಕೆಂಪು ಅಂಕಿಯಲ್ಲಿ 102.9 ಅಂತ ಮಿನುಗುವ ಸೆಟ್ಟನ್ನು ಮುಂದಿಟ್ಟು, ‘ನಂಬರೆಲ್ಲ ಡಿಜಿಟಲ್ಲೇ ಸಾರ್, ಇನ್ನೇನು ಬೇಕು?’ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಂಕಿ ಡಿಜಿಟಲ್ ಆದ ಮಾತ್ರಕ್ಕೆ ರೇಡಿಯೊ ಡಿಜಿಟಲ್ ಆಗುವುದಿಲ್ಲ. ಗಾಳಿಯಲ್ಲಿ ಬರುವ ಅಲೆಯೇ ಸೊನ್ನೆ-ಒಂದುಗಳನ್ನು ಹೊತ್ತು ತರಬೇಕು. ಅದನ್ನು ಬಿಡಿಸಿ ಮಾತಾಗಿಸುವ ಚಿಪ್ಪು ಪೆಟ್ಟಿಗೆಯೊಳಗೆ ಇರಬೇಕು. ಅಂಥದ್ದು ಅಲ್ಲೆಲ್ಲೂ ಸಿಗದೆ ಕೊನೆಗೆ ಆನ್‌ಲೈನಿನಲ್ಲಿ ತರಿಸಿಕೊಂಡೆ.

ಬೆಲೆಯ ಮಾತೆತ್ತಿದರೆ ಮನೆಯಲ್ಲಿ ಈಗಲೂ ಮುಖಗಳು ಗಂಟಾಗುತ್ತವೆ. ಸಾದಾ ಎಫ್‌ಎಂ ಸೆಟ್ಟು ಸಾವಿರ ರೂಪಾಯಿ ಒಳಗೇ ಬರುತ್ತೆ. ಇದಕ್ಕೆ ಕೊಟ್ಟ ದುಡ್ಡಿಗೆ ಒಂದು ಸುಮಾರಾದ ಸ್ಮಾರ್ಟ್‌ಫೋನ್ ಬರುತ್ತಿತ್ತು. ಈ ಬೆಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಇಡೀ ಕಥೆಯ ಗಂಟು ಇರುವುದೇ ಅಲ್ಲಿ.

ನಮ್ಮ ದೇಶದಲ್ಲಿ ಗಾಳಿಯಲ್ಲಿ ಬರುವ ಡಿಜಿಟಲ್ ರೇಡಿಯೊ ಅಂದರೆ ಸದ್ಯಕ್ಕೆ ಡಿಆರ್‌ಎಂ. ಪೂರ್ತಿ ಹೆಸರು ಡಿಜಿಟಲ್ ರೇಡಿಯೊ ಮೊಂಡಿಯಾಲ್. 1998ರಲ್ಲಿ ಪ್ರಸಾರ ಸಂಸ್ಥೆಗಳೂ ಯಂತ್ರ ಮಾಡುವ ಕಂಪನಿಗಳೂ ಸೇರಿ ಇದಕ್ಕೊಂದು ಒಕ್ಕೂಟ ಕಟ್ಟಿಕೊಂಡವು. 2003ರಲ್ಲಿ ಅಧಿಕೃತವಾಗಿ ಪ್ರಸಾರ ಶುರುವಾಯಿತು. ಹಳೆಯ ಮೀಡಿಯಂ ವೇವ್, ಶಾರ್ಟ್‌ವೇವ್ ಪಟ್ಟಿಗಳಲ್ಲೇ, ಅಂದರೆ ಬ್ಯಾಂಡುಗಳಲ್ಲೇ, ಡಿಜಿಟಲ್ ದನಿ ಕಳಿಸುವುದು ಇದರ ವಿಶೇಷ. ಆಕಾಶವಾಣಿ ದೇಶದ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಇದಕ್ಕೆ ಸಜ್ಜು ಮಾಡಿತು. ನಮ್ಮ ಬೆಂಗಳೂರೂ ಧಾರವಾಡವೂ ಅದರಲ್ಲಿ ಸೇರಿವೆ.

ಬೆಂಗಳೂರು ಕೇಂದ್ರ ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್. ರೇಡಿಯೊ ಕೇಳಿ ಬೆಳೆದವರಿಗೆ ಈ ನಂಬರು ಬಾಯಿಪಾಠ, ಧಾರವಾಡದ ಕಡೆಯವರಿಗೆ 765 ಹೇಗೋ ಹಾಗೆ. ಆ 612ರ ಹಳೇ ಪ್ರಸಾರ ಇದ್ದ ಹಾಗೇ ಇದೆ. ಅದಕ್ಕೆ ಗೋಡೆ ಹಂಚಿಕೊಂಡ ಪಕ್ಕದ ಮನೆಯ ಹಾಗೆ ಇನ್ನೊಂದು ಒಂಬತ್ತು ಕಿಲೋಹರ್ಟ್ಸ್ ಜಾಗದಲ್ಲಿ ಡಿಜಿಟಲ್ ಪ್ರಸಾರ. ಹಳೇ ರೇಡಿಯೊದಲ್ಲಿ ಮುಳ್ಳನ್ನು 612ರಿಂದ ಕೊಂಚ ಮೇಲಕ್ಕೆ ಸರಿಸಿದರೆ ಜೋರಾಗಿ ಸುಯ್ಯೆನ್ನುವ ಗದ್ದಲ ಕೇಳುತ್ತೆ. ಏನೋ ಕೆಟ್ಟಿದೆ ಅಂತ ನಾವು ಮುಂದೆ ಹೋಗುತ್ತೇವೆ. ಆ ಗದ್ದಲದ ಒಳಗೇ ವಾರ್ತೆ, ಸಂಗೀತ, ಹವಾಮಾನ ಎಲ್ಲ ಇರುವುದು. ಬಿಡಿಸಿ ಹೇಳುವ ಪೆಟ್ಟಿಗೆ ಬೇಕು, ಅಷ್ಟೆ.

ಮನೆಯಲ್ಲಿ ಮೊದಲ ಸಲ ಹಾಕಿದಾಗ ಕೇಳಿಸಿದ್ದು ಏನೂ ಇಲ್ಲ. ಗೊರಗೊರ ಕೂಡ ಇಲ್ಲ. ಹಳೇ ರೇಡಿಯೊ ಸ್ಟೇಷನ್ ಸಿಗದಿದ್ದರೂ ಏನಾದರೊಂದು ಗೊಣಗುತ್ತಿರುತ್ತೆ, ಬದುಕಿದೆ ಅಂತ ಗೊತ್ತಾಗುತ್ತೆ. ಇದು ಬಾಯಿ ಮುಚ್ಚಿಕೊಂಡು ಕೂತಿತ್ತು. ಪುಟ್ಟ ಪರದೆಯ ಮೇಲೆ ಸಿಗ್ನಲ್ಲಿನ ಗೆರೆ ಒಂದು ಸಲ ಏರುತ್ತೆ, ಒಂದು ಸಲ ಬೀಳುತ್ತೆ. ದನಿ ಮಾತ್ರ ಇಲ್ಲ. ಉದ್ದದ ಏರಿಯಲ್ ಎಳೆದು ಆ ಕಡೆ ಈ ಕಡೆ ವಾಲಿಸಿದೆ. ಅದು ಅಭ್ಯಾಸಬಲ. ಮೀಡಿಯಂ ವೇವ್‌ಗೆ ಆ ಕಡ್ಡಿಯಿಂದ ಪ್ರಯೋಜನ ಇಲ್ಲ. ಪೆಟ್ಟಿಗೆಯೊಳಗೆ ತಂತಿ ಸುತ್ತಿದ ಫೆರೈಟ್ ಅನ್ನುವ ಕಪ್ಪು ಕೋಲು ಇರುತ್ತಲ್ಲ, ಆ ಪಟ್ಟಿಗೆ ಅದೇ ಆಂಟೆನಾ. ಹಾಗಾಗಿ ಇಡೀ ಪೆಟ್ಟಿಗೆಯನ್ನೇ ತಿರುಗಿಸಬೇಕು. ತಿರುಗಿಸುತ್ತಾ ಕಿಟಕಿ ಹತ್ತಿರ ಹೋದೆ. ಪರದೆಯ ಮೇಲೆ ಕೇಂದ್ರದ ಹೆಸರು ಇಂಗ್ಲಿಷಿನಲ್ಲಿ ಮೂಡಿತು. ಎರಡು ಮೂರು ಸೆಕೆಂಡು ಮೌನ. ಆಮೇಲೆ ಪೂರ್ವಸೂಚನೆ ಇಲ್ಲದೆ, ಮಾತಿನ ಮಧ್ಯದಿಂದ, ಒಬ್ಬ ಹೆಣ್ಣುಮಗಳ ದನಿ.

ದನಿ ಅಂದರೆ ದನಿ! ಹಿಂದೆ ಮುಂದೆ ಸದ್ದೇ ಇಲ್ಲ. ಆಕೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಕಾಗದ ಮಗುಚಿದ್ದು ಕೇಳಿಸಿತು. ಹಳೇ ಮೀಡಿಯಂ ವೇವ್ ಪ್ರಸಾರದಲ್ಲಿ ದನಿಯ ಮೇಲಿನ ಭಾಗವೆಲ್ಲ ಕತ್ತರಿಸಿ ಹೋಗಿರುತ್ತೆ. ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ಗಿಂತ ಮೇಲಿನದು ಬರುವುದೇ ಇಲ್ಲ. ಅದಕ್ಕೇ ‘ಸ’, ‘ಶ’, ‘ಫ’ ಎಲ್ಲ ಒಂದೇ ಥರ ಮಂಕಾಗಿ ಕೇಳುವುದು. ಇಲ್ಲಿ ಒಂದೊಂದು ಅಕ್ಷರಕ್ಕೂ ಅದರದರ ಮೂತಿ ಇತ್ತು. ಇಷ್ಟು ವರ್ಷ ಕೇಳಿದ ಅದೇ ಕೇಂದ್ರ, ಅದೇ ಧಾಟಿ. ಆದರೆ ಓದುವವರು ನನ್ನ ಮೇಜಿನ ಆ ಬದಿಯಲ್ಲಿ ಕೂತಂತೆ.

ಅಷ್ಟರಲ್ಲಿ ಹೆಂಡತಿ ಅಡುಗೆಮನೆಯ ಲೈಟು ಹಾಕಿದಳು. ವಾರ್ತೆ ನಿಂತೇ ಹೋಯಿತು.

ಅಲ್ಲಿಂದ ಒಂದು ವಾರ ನಮ್ಮ ಮನೆಯಲ್ಲಿ ಕಳ್ಳನನ್ನು ಹುಡುಕುವ ಆಟ. ಎಲ್‌ಇಡಿ ಬಲ್ಬು, ಯುಪಿಎಸ್, ಫೋನ್ ಚಾರ್ಜರ್, ಟಿವಿ, ವೈಫೈ ಪೆಟ್ಟಿಗೆಯ ಅಡಾಪ್ಟರ್. ಇವೆಲ್ಲ ಒಳಗೊಳಗೇ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಜೋಡಿಸುತ್ತವೆ. ಅದರ ಗದ್ದಲ ನೇರ ಮೀಡಿಯಂ ವೇವ್ ಮೇಲೆ ಬಂದು ಬೀಳುತ್ತೆ. ಹಳೇ ರೇಡಿಯೊದಲ್ಲೂ ಈ ಕಾಟ ಇದೆ. ಆದರೆ ಅಲ್ಲಿ ಗುಂಯ್‌ಗುಡುವ ಸದ್ದಿನ ಹಿಂದೆ ಮಾತು ಕೇಳುತ್ತಲೇ ಇರುತ್ತೆ. ನಮ್ಮ ಕಿವಿ ಅದನ್ನು ಹೇಗೋ ಬೇರೆ ಮಾಡಿಕೊಳ್ಳುತ್ತೆ. ಡಿಜಿಟಲ್‌ನಲ್ಲಿ ಆ ಕೊಸರಾಟ ಇಲ್ಲ. ಒಂದು ಮಿತಿಯವರೆಗೆ ಗದ್ದಲ ಎಷ್ಟಿದ್ದರೂ ದನಿ ಶುದ್ಧ. ಮಿತಿ ದಾಟಿತೋ, ಕತ್ತರಿಸಿದ ಹಾಗೆ ನಿಶ್ಶಬ್ದ. ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ ಅಂತ ನೀವು ಹೇಳಿದರೂ ಅದು ಒಪ್ಪುವುದಿಲ್ಲ.

ಇದಕ್ಕೆ ಕಾರಣ ಇದೆ. ಹಳೇ ಪ್ರಸಾರದಲ್ಲಿ ದನಿಯನ್ನು ಹೊತ್ತು ತರುವುದು ಒಂದೇ ವಾಹಕ ಅಲೆ. ಡಿಆರ್‌ಎಂನಲ್ಲಿ ಅದೇ ಒಂಬತ್ತು ಕಿಲೋಹರ್ಟ್ಸ್ ಜಾಗದೊಳಗೆ ಇನ್ನೂರರ ಆಸುಪಾಸು ಸಣ್ಣ ಸಣ್ಣ ವಾಹಕಗಳು. ದನಿಯನ್ನು ಚೂರು ಮಾಡಿ, ಆ ಚೂರುಗಳನ್ನು ಎಲ್ಲ ವಾಹಕಗಳ ಮೇಲೂ, ಹಿಂದುಮುಂದಾಗಿ, ಒಂದೆರಡು ಸೆಕೆಂಡುಗಳ ಉದ್ದಕ್ಕೂ ಹರಡುತ್ತಾರೆ. ಮಧ್ಯೆ ಕೆಲವು ಚೂರು ಹಾಳಾದರೂ ಮಿಕ್ಕವುಗಳಿಂದ ಲೆಕ್ಕ ಹಾಕಿ ಪೂರ್ತಿ ಮಾಡಿಕೊಳ್ಳುವ ಉಪಾಯ. ಹಾಗಾಗಿ ಸಣ್ಣಪುಟ್ಟ ಅಡ್ಡಿ ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಜಾಸ್ತಿ ಚೂರು ಕಳೆದುಹೋದರೆ ಮಾತ್ರ ಲೆಕ್ಕವೇ ಹತ್ತುವುದಿಲ್ಲ. ಸ್ಟೇಷನ್ ಹಾಕಿದ ಮೇಲೆ ಆ ಎರಡು ಮೂರು ಸೆಕೆಂಡು ಕಾಯಬೇಕಲ್ಲ, ಅದೂ ಈ ಚೂರುಗಳನ್ನೆಲ್ಲ ಒಟ್ಟು ಹಾಕುವ ಹೊತ್ತೇ.

ಈ ವಿಳಂಬದಿಂದ ಒಂದು ತಮಾಷೆಯೂ ಆಯಿತು. ವಾರ್ತೆಗೆ ಮುಂಚೆ ಬರುವ ಪೀಪ್ ಪೀಪ್ ಸದ್ದಿಗೆ ಗಡಿಯಾರ ಸರಿ ಮಾಡಿಕೊಳ್ಳುವುದು ನಮ್ಮ ಕಡೆ ಎಷ್ಟೋ ಮನೆಗಳ ರೂಢಿ. ಹಳೇ ಸೆಟ್ಟನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಕೇಳಿದೆ. ಹಳೆಯದು ಪೀಪ್ ಮುಗಿಸಿ ಸಮಯ ಹೇಳುವ ಹೊತ್ತಿಗೆ ಹೊಸದು ಇನ್ನೂ ಪೀಪ್ ಅನ್ನುತ್ತಿತ್ತು. ಇಷ್ಟು ದುಬಾರಿಯ ಯಂತ್ರ ಟೈಮಿಗೆ ಲೇಟು! ಇದು ನಮ್ಮಲ್ಲಿ ಮಾತ್ರ ಅಲ್ಲ. ಲಂಡನ್ನಿನಲ್ಲಿರುವ ನಮ್ಮ ನೆಂಟರ ಹುಡುಗಿಯೊಬ್ಬಳ ಅಡುಗೆಮನೆಯಲ್ಲಿ ಡ್ಯಾಬ್ ಅನ್ನುವ ಇನ್ನೊಂದು ಬಗೆಯ ಡಿಜಿಟಲ್ ರೇಡಿಯೊ ಇದೆ. ಬಿಬಿಸಿಯ ಗ್ರೀನಿಚ್ ಪಿಪ್ಸ್ ಅಲ್ಲೂ ತಡವಾಗೇ ಬರುತ್ತಂತೆ. ‘ಕುಕ್ಕರ್ ವಿಷಲ್ ನಂಬ್ತೀನಿ ಅಣ್ಣ, ಇದನ್ನ ನಂಬಲ್ಲ’ ಅಂದಳು.

ಡ್ಯಾಬ್‌ನ ದಾರಿ ಬೇರೆ. ಅದು ಎಫ್‌ಎಂಗಿಂತ ಮೇಲಿನ ಪಟ್ಟಿಯಲ್ಲಿ ಹೋಗುವ ಅಲೆ. ದೂರ ಹೋಗುವುದಿಲ್ಲ, ಅದಕ್ಕೆ ಊರೂರಿಗೂ ಗೋಪುರ ಬೇಕು. ಬಿಬಿಸಿ 1995ರಲ್ಲೇ ಶುರು ಮಾಡಿತು. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿ ಡ್ಯಾಬ್‌ಗೆ ಹೋಯಿತು. ಸ್ವಿಟ್ಜರ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೆಗೆ ಅದನ್ನೇ ಮಾಡಿತು. ನಮ್ಮಲ್ಲಿ ಡಿಆರ್‌ಎಂ ಹಿಡಿಯಲು ಕಾರಣ ನಮ್ಮ ನೆಲದ ಅಗಲ. 612 ಕಿಲೋಹರ್ಟ್ಸ್ ಅಲೆಯ ಒಂದು ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡೇ ಸಾಗುತ್ತೆ, ಗುಡ್ಡ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತೆ. ಒಂದೇ ಕಂಬದಿಂದ ಹತ್ತಾರು ತಾಲ್ಲೂಕು ಮುಟ್ಟಬಹುದು.

ಇದು ಪುಸ್ತಕದ ಮಾತಲ್ಲ ಅಂತ ಗೊತ್ತಾದದ್ದು ಊರಿಗೆ ಹೋದಾಗ. ನಮ್ಮೂರು ಮಧುಗಿರಿ ಬೆಟ್ಟದ ಆಚೆ. ಬೆಂಗಳೂರಿನ ಎಫ್‌ಎಂ ಅಲ್ಲಿ ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಇಡೀ ಬಂಡೆಯೇ ಬೆಟ್ಟವಾಗಿ ನಿಂತ ಜಾಗ ಅದು. ನಡುವೆ ಅಷ್ಟು ದೊಡ್ಡ ಕಲ್ಲಿದ್ದರೆ ಎಫ್‌ಎಂ ಪಾಡೇನು. ಆದರೆ ಜಗುಲಿಯ ಮೇಲೆ ಈ ಪೆಟ್ಟಿಗೆ ಇಟ್ಟು 612ರ ಪಕ್ಕಕ್ಕೆ ಹೋದೆ ನೋಡಿ, ಏರಿಯಲ್ ಇಲ್ಲ, ತಿರುಗಿಸುವ ಕಷ್ಟ ಇಲ್ಲ, ನೂರು ಕಿಲೋಮೀಟರ್ ಆಚೆಯಿಂದ ದನಿ ಥಟ್ಟನೆ ಬಂದು ಕೂತಿತು. ಬೆಂಗಳೂರಿನ ನಮ್ಮ ಫ್ಲಾಟಿಗಿಂತ ಚೆನ್ನಾಗಿತ್ತು! ಊರಲ್ಲಿ ಅವತ್ತು ಕರೆಂಟೂ ಇರಲಿಲ್ಲ. ಬಲ್ಬು, ಚಾರ್ಜರು ಯಾವುದರ ಗಲಾಟೆಯೂ ಇಲ್ಲ. ಮೀಡಿಯಂ ವೇವ್ ಕೇಳಲು ಲೋಡ್‌ಶೆಡ್ಡಿಂಗ್‌ನಷ್ಟು ಒಳ್ಳೇ ಹೊತ್ತು ಇನ್ನೊಂದಿಲ್ಲ.

ದೊಡ್ಡಪ್ಪ ಬಂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಹಿಂದೆ ಮುಂದೆ ನೋಡಿದರು.

‘ಇದರ ಕಿವಿ ಎಲ್ಲೋ?’

ತಿರುಪು ಇಲ್ಲ ದೊಡ್ಡಪ್ಪ, ಗುಂಡಿ ಒತ್ತಬೇಕು ಅಂದೆ. ಸ್ಟೇಷನ್ನುಗಳ ಪಟ್ಟಿ ತೋರಿಸಿದೆ. ಒಂದೇ ಅಲೆಯಲ್ಲಿ ಒಂದಕ್ಕಿಂತ ಜಾಸ್ತಿ ಕಾರ್ಯಕ್ರಮ ಬರಬಹುದು, ಡಿಆರ್‌ಎಂನಲ್ಲಿ ನಾಲ್ಕರವರೆಗೆ ಜಾಗ ಇದೆ ಅಂತೆಲ್ಲ ಹೇಳಿದೆ. ಬೇಕಾದರೆ ಸುದ್ದಿಯ ಅಕ್ಷರಗಳನ್ನೂ ಅಲೆಯಲ್ಲೇ ಕಳಿಸಬಹುದು, ಪರದೆಯ ಮೇಲೆ ಓದಬಹುದು ಅಂದೆ. ಅವರಿಗೆ ಇದ್ಯಾವುದೂ ಹತ್ತಲಿಲ್ಲ.

‘ಕಿವಿ ಹಿಂಡೋ ಹಂಗಿಲ್ಲ ಅಂದ್ರೆ ಅದೆಂಥ ರೇಡಿಯೊನೋ. ಮಾತು ಮಾತ್ರ ಸ್ವಚ್ಛವಾಗೈತೆ ಬಿಡು.’

ಕೇಳುತ್ತಾ ಕೂತರು. ಆಮೇಲೆ ಅವರೇ ಒಂದು ವಿಷಯ ಹೇಳಿದರು. ಅದು ನನಗೆ ಯಾವ ತಾಂತ್ರಿಕ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಕಡ್ಲೆಕಾಯಿ ಕಾಲದಲ್ಲಿ ಕಣದಲ್ಲಿ ಕಾಯಿ ಒಣಹಾಕಿ ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಳ್ಳುತ್ತಿದ್ದರಂತೆ. ಮಾತಿನ ಮಧ್ಯೆ ಕರ್ರ್ ಕರ್ರ್ ಅಂತ ಸದ್ದು ಬರಲು ಶುರುವಾದರೆ ಎಲ್ಲೋ ಮಿಂಚುತ್ತಿದೆ ಅಂತ ಅರ್ಥ. ಮೋಡ ಇನ್ನೂ ಕಣ್ಣಿಗೆ ಕಾಣುತ್ತಿರುವುದಿಲ್ಲ. ಕರಕರ ಹತ್ತಿರ ಹತ್ತಿರ ಬಂದರೆ ಕಾಯಿ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುವುದು. ‘ಮಳೆ ಸುದ್ದಿ ವಾರ್ತೇಲಿ ಹೇಳೋಕ್ಮುಂಚೆ ನನ್ ರೇಡಿಯೊನೇ ಹೇಳೋದು. ಇದು ಹೇಳಲ್ಲ.’

ನಿಜ. ಮಿಂಚು ಹುಟ್ಟಿಸುವ ಅಲೆ ಮೀಡಿಯಂ ವೇವ್ ಪಟ್ಟಿಯಲ್ಲಿ ನೂರಾರು ಕಿಲೋಮೀಟರ್ ಆಚೆಗೂ ಕೇಳುತ್ತೆ. ಡಿಜಿಟಲ್ ಪೆಟ್ಟಿಗೆ ಅದನ್ನು ಕಸ ಅಂತ ಗುಡಿಸಿ ಹಾಕುತ್ತೆ. ಆ ಕಸದಲ್ಲೂ ಒಂದು ಸುದ್ದಿ ಇತ್ತು ಅನ್ನುವುದು ಡಿಸೈನ್ ಮಾಡಿದವರಿಗೆ ಹೊಳೆದಿರಲಿಕ್ಕಿಲ್ಲ. ಅವರಿಗೆ ಒಣಹಾಕಲು ಕಡ್ಲೆಕಾಯಿ ಇರಲಿಲ್ಲವಲ್ಲ.

ಸಂಗೀತದ ವಿಷಯ ಸ್ವಲ್ಪ ಬಿಚ್ಚಿ ಹೇಳಬೇಕು. ಮಾತಿಗೆ ನೂರಕ್ಕೆ ನೂರು ಕೊಟ್ಟೆ. ಸಂಗೀತಕ್ಕೆ ಅಷ್ಟು ಕೊಡಲಾರೆ. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಸೆಕೆಂಡಿಗೆ ಹದಿನೈದು-ಇಪ್ಪತ್ತು ಕಿಲೋಬಿಟ್ ಹಿಡಿಸುವುದೇ ದೊಡ್ಡದು. ನಾವು ಮೊಬೈಲಿನಲ್ಲಿ ಕೇಳುವ ಸಾಮಾನ್ಯ ಎಂಪಿ3 ಹಾಡು 128 ಅಥವಾ ಅದಕ್ಕಿಂತ ಜಾಸ್ತಿ. ಇಷ್ಟರಲ್ಲೇ ಹಾಡೂ ಕೇಳುವ ಹಾಗಿದೆ ಅಂದರೆ ಅದು ದನಿಯನ್ನು ಹಿಂಡಿ ಸಣ್ಣದು ಮಾಡುವ ಹೊಸ ಲೆಕ್ಕಾಚಾರದ ಪ್ರತಾಪ. ಕೊಳಲು ಚೆನ್ನಾಗಿ ಬರುತ್ತೆ. ವೀಣೆಯ ಮೀಟು ಪರವಾಗಿಲ್ಲ, ಆದರೆ ಅದರ ಬಾಲ, ದನಿ ಕರಗುತ್ತಾ ಹೋಗುವ ಭಾಗ, ತಗಡಿನ ಥರ ಒಂಚೂರು ಗಲಗಲ ಅನ್ನುತ್ತೆ. ಭಜನೆಯ ತಾಳ, ಜನರ ಚಪ್ಪಾಳೆ ಬಂದರಂತೂ ನೀರು ಚಿಮ್ಮಿದ ಸದ್ದು. ಎಫ್‌ಎಂ ಚೆನ್ನಾಗಿ ಹಿಡಿಯುವ ಊರಲ್ಲಿ ಕೂತು ಶಾಸ್ತ್ರೀಯ ಸಂಗೀತ ಕೇಳುವವರು ಇದಕ್ಕೆ ಬದಲಾಯಿಸಬೇಕಿಲ್ಲ. ಬೆಂಗಳೂರಿನವರಿಗೆ 100.1ರ ಅಮೃತವರ್ಷಿಣಿ ಇದ್ದೇ ಇದೆ.

ಬ್ಯಾಟರಿ ಇನ್ನೊಂದು. ಹಳೇ ಟ್ರಾನ್ಸಿಸ್ಟರಿಗೆ ಸೆಲ್ಲು ಹಾಕಿದರೆ ತಿಂಗಳುಗಟ್ಟಲೆ ಯೋಚನೆ ಇರಲಿಲ್ಲ. ಸೋತ ಸೆಲ್ಲನ್ನು ಬಿಸಿಲಿಗಿಟ್ಟು ಮತ್ತೆರಡು ದಿನ ಓಡಿಸಿದವರೂ ನಾವೇ. ಇದು ಒಂದು ಪುಟ್ಟ ಕಂಪ್ಯೂಟರು. ಸುಮ್ನೆ ವಾರ್ತೆ ಓದಿದರೂ ಒಳಗೆ ಲೆಕ್ಕ ನಡೆಯುತ್ತಲೇ ಇರುತ್ತೆ, ಮೈ ಬೆಚ್ಚಗಾಗುತ್ತೆ. ಬೆಳಗಿನಿಂದ ಸಂಜೆವರೆಗೆ ಹಾಕಿದರೆ ರಾತ್ರಿ ಚಾರ್ಜಿಗೆ ಇಡಲೇಬೇಕು. ಚಾರ್ಜರ್ ಹಾಕಿಕೊಂಡೇ ಕೇಳೋಣ ಅಂದರೆ ಚಾರ್ಜರಿನ ಗದ್ದಲಕ್ಕೆ ಸ್ಟೇಷನ್ ಹೋಗುತ್ತೆ.

ರಾತ್ರಿ ಹೊತ್ತು ನನಗೆ ಹಳೇ ಸೆಟ್ಟೇ ಇಷ್ಟ. ಇದು ಬರೀ ಹಳೆಯದರ ಮೋಹ ಅಲ್ಲ. ಹಗಲಿನಲ್ಲಿ ಮೀಡಿಯಂ ವೇವ್ ಅಲೆ ಆಕಾಶಕ್ಕೆ ಹೋದರೆ ಅಲ್ಲಿನ ಕೆಳಗಿನ ಪದರ ಅದನ್ನು ನುಂಗಿಬಿಡುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆ ಇನ್ನೂ ಮೇಲಕ್ಕೆ ಹೋಗಿ ಬಡಿದು ದೂರದೂರಕ್ಕೆ ಇಳಿಯುತ್ತೆ. ಅದಕ್ಕೇ ರಾತ್ರಿ ಮುಳ್ಳು ಸರಿಸುತ್ತಾ ಹೋದರೆ 720ರಲ್ಲಿ ಚೆನ್ನೈ, 738ರಲ್ಲಿ ಹೈದರಾಬಾದ್, ಅದೃಷ್ಟ ಇದ್ದರೆ 1161ರಲ್ಲಿ ತಿರುವನಂತಪುರ. ತೇಲುತ್ತಾ ಮುಳುಗುತ್ತಾ ಬರುವ ಆ ಮಲಯಾಳಂ ವಾರ್ತೆ ಅರ್ಥವಾಗದಿದ್ದರೂ ಕೇಳಬೇಕು ಅನ್ನಿಸುತ್ತೆ. ಡಿಜಿಟಲ್ ಪೆಟ್ಟಿಗೆಗೆ ಈ ತೇಲುಮುಳುಗಿನ ಅಲೆ ಆಗಿಬರುವುದಿಲ್ಲ. ಒಂದು ವಾಕ್ಯ ಹೇಳುತ್ತೆ, ಎರಡು ವಾಕ್ಯ ನುಂಗುತ್ತೆ.

ಮೊಬೈಲಿನಲ್ಲಿ ಆಪ್ ಇದೆಯಲ್ಲ, ಇದೆಲ್ಲ ಯಾಕೆ ಅಂತ ಮಗಳು ಕೇಳಿದಳು. ಕೇಳದವರು ಯಾರು! ಆಪ್ ಚೆನ್ನಾಗಿಯೇ ಇದೆ, ನಾನೂ ಬಳಸುತ್ತೇನೆ. ಆದರೆ ಆಪ್‌ನಲ್ಲಿ ಒಬ್ಬೊಬ್ಬ ಕೇಳುಗನಿಗೂ ಬೇರೆ ಬೇರೆ ಎಳೆ ಹೋಗಬೇಕು. ಜನ ಹೆಚ್ಚಿದಂತೆ ಹೊರೆ ಹೆಚ್ಚು. ಟವರ್ ಬಿದ್ದರೆ ಮುಗಿಯಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಕರೆಂಟು, ಮೊಬೈಲು ಎರಡೂ ಕೈಕೊಟ್ಟ ಊರುಗಳಿದ್ದವು. ರೇಡಿಯೊ ಕಂಬಕ್ಕೆ ಒಬ್ಬ ಕೇಳಿದರೂ ಒಂದು ಕೋಟಿ ಜನ ಕೇಳಿದರೂ ಒಂದೇ. ಡಿಆರ್‌ಎಂನಲ್ಲಿ ತುರ್ತು ಎಚ್ಚರಿಕೆಗೆ ಅಂತಲೇ ಒಂದು ಏರ್ಪಾಡು ಇದೆ. ಅದಕ್ಕೆ ತಯಾರಾದ ಸೆಟ್ಟು ಬೇರೆ ಏನನ್ನು ಹಾಕಿದ್ದರೂ ತಾನೇ ಎಚ್ಚರಿಕೆಯ ವಾಹಿನಿಗೆ ತಿರುಗಿಕೊಳ್ಳಬಲ್ಲದು. ಇನ್ನೊಂದು, ಇದು ನನ್ನ ಖಾಸಗಿ ಸಂತೋಷ: ನಾನು ಏನು ಕೇಳಿದೆ, ಎಷ್ಟು ಹೊತ್ತಿಗೆ ಆಫ್ ಮಾಡಿದೆ ಅಂತ ಈ ಪೆಟ್ಟಿಗೆ ಯಾರಿಗೂ ಚಾಡಿ ಹೇಳುವುದಿಲ್ಲ.

ಆ ಸಂತೋಷದ ಇನ್ನೊಂದು ಮಗ್ಗುಲೇ ಇದರ ತೊಂದರೆ ಕೂಡ. ಎಷ್ಟು ಜನ ಕೇಳುತ್ತಿದ್ದಾರೆ ಅಂತ ಯಾರಿಗೂ ಕಾಣುವುದಿಲ್ಲ. ಈಗ ಬೆಲೆಯ ಮಾತಿಗೆ ಬರೋಣ. ಈ ತಂತ್ರದಿಂದ ನಿಜವಾಗಿ ಲಾಭ ಆಗಬೇಕಾದದ್ದು ಯಾರಿಗೆ? ಎಫ್‌ಎಂ ಮುಟ್ಟದ, ಡೇಟಾ ನೆಟ್ಟಗೆ ಸಿಗದ ಊರಿನವರಿಗೆ. ನಮ್ಮ ದೊಡ್ಡಪ್ಪನಂಥವರಿಗೆ. ಸಂಜೆ ಕೃಷಿರಂಗ ಕೇಳುವವರಿಗೆ. ಅಲೆ ಅವರ ಜಗುಲಿಯವರೆಗೆ ಬಂದು ನಿಂತಿದೆ. ಪೆಟ್ಟಿಗೆ ಮಾತ್ರ ಅವರ ಊರಿನ ಅಂಗಡಿಯಲ್ಲಿಲ್ಲ. ಇದ್ದರೂ ಆ ಬೆಲೆಗೆ ಅವರು ಕೊಳ್ಳುವುದಿಲ್ಲ. ಕೊಳ್ಳುವವರಿಲ್ಲ ಅಂತ ಕಂಪನಿಗಳು ಜಾಸ್ತಿ ಮಾಡುವುದಿಲ್ಲ. ಜಾಸ್ತಿ ಮಾಡದೆ ಬೆಲೆ ಇಳಿಯುವುದಿಲ್ಲ.

ಹೀಗೆ ಮೊದಲ ಸಲ ಆಗುತ್ತಿರುವುದೇನೂ ಅಲ್ಲ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದಾಗ ರೇಡಿಯೊ ಅನ್ನುವುದು ಉಳ್ಳವರ ಮನೆಯ ಸಾಮಾನು. ಆಗಲೂ ದನಿ ಮೊದಲು, ಪೆಟ್ಟಿಗೆ ಆಮೇಲೆ. ಹಳ್ಳಿಗೆ ರೇಡಿಯೊ ನಿಜವಾಗಿ ಬಂದದ್ದು ಎಷ್ಟೋ ವರ್ಷದ ಮೇಲೆ, ಕರೆಂಟು ಬೇಡದ, ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಟ್ರಾನ್ಸಿಸ್ಟರ್ ಅಗ್ಗವಾದಾಗ. ಮದುವೆಯಲ್ಲಿ ವಾಚು, ಸೈಕಲ್ಲಿನ ಜೊತೆ ರೇಡಿಯೊವನ್ನೂ ಕೇಳುತ್ತಿದ್ದ ಕಾಲ ಅದು. ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ದುಡ್ಡು ಕಟ್ಟಿಯಾದರೂ ಜನ ಕೇಳಿದರು. ಆಗ ಅಗ್ಗದ ಪೆಟ್ಟಿಗೆಗೆ ಎದುರಾಳಿ ಯಾರೂ ಇರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಫೋನಿದೆ. ಕಾಯುವಷ್ಟು ಪುರುಸೊತ್ತು ಕೇಳುಗರಿಗೂ ಇಲ್ಲ.

ನನ್ನ ಲೆಕ್ಕ ಹೇಳುವುದಾದರೆ, ಸಾವಿರದೈನೂರು ರೂಪಾಯಿಯ, ಎರಡು ಗುಂಡಿಯ, ಪರದೆಯೇ ಇಲ್ಲದ, ಸೆಲ್ಲಿನಲ್ಲೂ ಓಡುವ ಒಂದು ಸೆಟ್ಟು ಬಂದರೆ ಸಾಕು. ನನಗೆ ಬಂದ ಪೆಟ್ಟಿಗೆಯಲ್ಲಿ ಬಣ್ಣದ ಪರದೆ ಇದೆ, ಮೆಮೊರಿ ಕಾರ್ಡಿನ ಕಿಂಡಿ ಇದೆ, ರೆಕಾರ್ಡಿಂಗ್ ಇದೆ, ಅಲಾರಂ ಇದೆ. ಇವೆಲ್ಲ ಫೋನಿನಲ್ಲಿ ಇದ್ದೇ ಇವೆ. ಇವನ್ನು ಕಿತ್ತುಹಾಕಿ ದುಡ್ಡು ಕಮ್ಮಿ ಮಾಡಿ ಸ್ವಾಮಿ ಅನ್ನಬೇಕು ಅನ್ನಿಸುತ್ತೆ.

ಮಜಾ ಏನೆಂದರೆ, ಅಂಗಡಿಯಲ್ಲಿ ಸಿಗದ ಈ ಡಿಆರ್‌ಎಂ ರಸ್ತೆಯ ಮೇಲೆ ಧಾರಾಳವಾಗಿ ಓಡಾಡುತ್ತಿದೆ. ಕೆಲವು ಕಂಪನಿಗಳ ಕಾರುಗಳಲ್ಲಿ ಫ್ಯಾಕ್ಟರಿಯಿಂದಲೇ ಹಾಕಿಕೊಟ್ಟ ಮ್ಯೂಸಿಕ್ ಸಿಸ್ಟಂನಲ್ಲಿ ಇದು ಇರುತ್ತೆ. ಮಾಲೀಕರಿಗೇ ಗೊತ್ತಿರುವುದಿಲ್ಲ. ಯಾಕೆಂದರೆ ಮೀಡಿಯಂ ವೇವ್ ಹಿಡಿಯುವ ಎಎಂ ಅನ್ನುವ ಗುಂಡಿಯನ್ನು ಈಗ ಯಾರು ಒತ್ತುತ್ತಾರೆ? ನಮ್ಮ ಕೆಳಗಿನ ಮನೆಯವರ ಕಾರಿನಲ್ಲೂ ಇತ್ತು. ತುಮಕೂರಿಗೆ ಹೊರಟಿದ್ದರು, ಮಧುಗಿರಿಗೆ ಹೋಗುತ್ತಿದ್ದ ನನ್ನನ್ನೂ ಅಲ್ಲಿಯವರೆಗೆ ಕೂರಿಸಿಕೊಂಡರು. ಪಾರ್ಕಿಂಗ್‌ನ ನೆಲಮಾಳಿಗೆಯಲ್ಲಿ ಪರದೆ ಖಾಲಿ. ಪೀಣ್ಯದ ಫ್ಲೈಓವರ್ ದಾಟುವವರೆಗೂ ತುಂಡು ತುಂಡು. ನೆಲಮಂಗಲ ಕಳೆದು ರಸ್ತೆ ಬಿಚ್ಚಿಕೊಂಡ ಮೇಲೆ ದನಿ ಬಂದದ್ದು ಮತ್ತೆ ಅಲುಗಲಿಲ್ಲ. ಸ್ಪೀಕರ್ ಒಳ್ಳೆಯದು, ಲೈಟಿನ ಕಾಟ ಇಲ್ಲ. ನನ್ನ ದುಬಾರಿ ಪೆಟ್ಟಿಗೆಗಿಂತ ಅವರ ಪುಗಸಟ್ಟೆ ರೇಡಿಯೊ ಎಷ್ಟೋ ಪಾಲು ಮೇಲು.

ಅವರು ಟೋಲ್ ಗೇಟಿನವರೆಗೆ ಸುಮ್ಮನೆ ಕೇಳಿದರು. ಆಮೇಲೆ ದನಿ ತಗ್ಗಿಸಿ, ‘ಸಾರ್, ಇದರಲ್ಲಿ ಮ್ಯಾಚ್ ಕಾಮೆಂಟರಿ ಬರುತ್ತಾ?’ ಅಂದರು. ಆಕಾಶವಾಣಿಯಲ್ಲಿ ಬಂದರೆ ಇದರಲ್ಲೂ ಬರುತ್ತೆ, ಆದರೆ ವಿಕೆಟ್ ಬಿದ್ದದ್ದು ಹಳೇ ರೇಡಿಯೊದವರಿಗೆ ಎರಡು ಮೂರು ಸೆಕೆಂಡು ಮೊದಲೇ ಗೊತ್ತಾಗಿರುತ್ತೆ ಅಂದೆ. ‘ಅಯ್ಯೋ, ಮೊಬೈಲಲ್ಲಿ ಅರ್ಧ ನಿಮಿಷ ಲೇಟು ಸಾರ್’ ಅಂತ 612ರ ಪಕ್ಕದ ಮನೆಯನ್ನು ಒಂದನೇ ನಂಬರಿನ ಗುಂಡಿಗೆ ಸೇವ್ ಮಾಡಿಕೊಂಡರು.